ಬಿಚ್ಚದೆ ಸಹಿ ಹಾಕಿದ ಪೆಟ್ಟಿಗೆ

ಮಂಡ್ಯದ ಹಲ್ಲಿನ ಡಾಕ್ಟರ ಬಳಿ ಸರದಿ ಕಾಯುತ್ತ ಕೂತಿದ್ದೆ. ಮೇಜಿನ ಮೇಲೆ ಯಾವುದೋ ಕಂಪನಿಯ ಹೊಳಪು ಕಾಗದದ ಪುಸ್ತಿಕೆ ಬಿದ್ದಿತ್ತು. ಹೊತ್ತು ಹೋಗಲೆಂದು ಬಿಡಿಸಿದರೆ ಹೊಸ ಮಸಿಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ನಾಲ್ಕು ಹಾಳೆ ತಿರುವಿದವನ ಕೈ ಅಲ್ಲೇ ನಿಂತಿತು. ಕೊರೊನಾ ಎರಡನೇ ಅಲೆಯಲ್ಲಿ ಕಂಪನಿ ಮಾಡಿದ ದಾನಧರ್ಮದ ಪುಟ ಅದು. ಶಾಲು ಹೊದ್ದ ಮೂರು ಮಂದಿ ಸಾಹೇಬರ ನಡುವೆ, ರಟ್ಟಿನ ಪೆಟ್ಟಿಗೆಯ ಒಂದು ತುದಿ ಹಿಡಿದು, ನಮ್ಮೂರ ಡೈರಿಯ ಸೆಕ್ರೆಟರಮ್ಮ ನಿಂತಿದ್ದರು. ಉಳಿದವರೆಲ್ಲ ಕ್ಯಾಮೆರಾ ನೋಡುತ್ತಿದ್ದರೆ ಅವರೊಬ್ಬರು ಪೆಟ್ಟಿಗೆಗೆ ಅಂಟಿಸಿದ್ದ ಟೇಪು ನೋಡುತ್ತಿದ್ದರು. ಕೆಳಗೆ ‘ಹಳ್ಳಿಹಳ್ಳಿಗೂ ಉಸಿರು ತಲುಪಿಸಿದ ಧನ್ಯತೆ’ ಎಂದು ಅಚ್ಚಾಗಿತ್ತು. ನನಗೆ ಬಂದ ಸಿಟ್ಟಿಗೆ ಹಲ್ಲುನೋವೇ ಮರೆತುಹೋಯಿತು.

ಮದ್ದೂರು ಕಡೆಯ ಕೊಪ್ಪದಿಂದ ಒಂದಿಷ್ಟು ಆಚೆಗೆ ನಮ್ಮೂರು. ಆಗ ನಾನು ಅಲ್ಲೇ ಹೈಸ್ಕೂಲು ಮೇಷ್ಟ್ರು. ಹೆಂಗಸರೇ ನಡೆಸುವ ಹಾಲಿನ ಸಂಘಕ್ಕೆ ಆಕೆ ಸೆಕ್ರೆಟರಿ. ಗಂಡ ತೀರಿಕೊಂಡಿದ್ದ, ಒಬ್ಬಳೇ ಮಗಳು. ಊರಿಗೆ ಊರೇ ಅವರಿಗೆ ಹೆದರುತ್ತಿತ್ತು ಎಂದರೆ ತಪ್ಪಲ್ಲ. ಬೆಳಿಗ್ಗೆ ಡೈರಿ ಮುಂದೆ ಕ್ಯಾನು ಹಿಡಿದು ಸಾಲು ನಿಂತರೆ, ಯಾರೇ ಆಗಲಿ, ಲ್ಯಾಕ್ಟೋಮೀಟರು ಇಳಿಬಿಟ್ಟು ಡಿಗ್ರಿ ನೋಡದೆ ಒಂದು ಲೋಟ ಹಾಲೂ ಒಳಗೆ ಹೋಗುತ್ತಿರಲಿಲ್ಲ. ಒಮ್ಮೆ ಸ್ವಂತ ಅತ್ತೆ ತಂದ ಹಾಲೇ ತೆಳ್ಳಗಿತ್ತು. ಆಕೆ ಕ್ಯಾನನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದರು.

“ಮನೇಲಿ ನೀವು ಅತ್ತೆ. ಇಲ್ಲಿ ಹಾಲಾಕೋರು. ಎತ್ಕೊಳಿ ಅತ್ತೆಮ್ಮ.”

ಸಾಲಿನಲ್ಲಿದ್ದವರೆಲ್ಲ ಬಾಯಿಗೆ ಸೆರಗು ಹಿಡಿದು ನಕ್ಕರು. ಆ ಮುದುಕಿ ಆಮೇಲೆ ಎಷ್ಟೋ ದಿನ ಸೊಸೆಯ ಜೊತೆ ಮಾತಾಡಲಿಲ್ಲ. ಸೊಸೆಗೂ ಅದರಿಂದ ನಷ್ಟವೇನಾಗಲಿಲ್ಲ ಅನ್ನಿ...

ಆ ಕೆಟ್ಟ ವರ್ಷ ಬಂತು. ಮಂಡ್ಯದಲ್ಲಿ ಹಾಸಿಗೆ ಸಿಗುತ್ತಿಲ್ಲ, ಮದ್ದೂರಿನಲ್ಲೂ ಇಲ್ಲ ಎಂದು ದಿನ ಬೆಳಗಾದರೆ ಸುದ್ದಿ. ಆಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನು ಮಾಡಿದ. ಅವನು ಕೆಲಸಕ್ಕಿದ್ದ ಕಂಪನಿ ಹಳ್ಳಿಗಳಿಗೆ ಆಕ್ಸಿಜನ್ ಮಿಷನ್ ಹಂಚುತ್ತಿದೆಯಂತೆ, ಒಂದು ನಮ್ಮೂರಿಗೂ ಕೊಡಿಸುತ್ತಾನಂತೆ. ಆದರೆ ನೋಂದಣಿಯಾದ ಸಂಘವೊಂದು ಸಹಿ ಹಾಕಿ ಪಡೆಯಬೇಕು. ನಮ್ಮೂರಲ್ಲಿ ಅಂಥ ಸಂಘ ಇದ್ದದ್ದೇ ಡೈರಿ. ನನಗೋ ಹಿಗ್ಗೋ ಹಿಗ್ಗು. ಊರಿಗೆ ಉಪಕಾರ ಮಾಡಿದ ಮೇಷ್ಟ್ರು ಎನ್ನಿಸಿಕೊಳ್ಳುವ ಚಪಲ ಯಾರಿಗಿಲ್ಲ?

ಹೇಳಿದ ದಿನ ಎರಡು ಕಾರು ಬಂದವು, ಜೊತೆಗೆ ಬ್ಯಾನರು, ಫೋಟೋದವನು. ಡೈರಿ ಮುಂದೆ ಶಾಮಿಯಾನ ಹಾಕಿಸಿದ್ದೆವು. ಸಾಹೇಬರಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟೆವು. ಅವರಿಗೆ ಅದೇ ದಿನ ಮಳವಳ್ಳಿ ಕಡೆ ಇನ್ನೂ ಮೂರು ಊರು ಮುಗಿಸಬೇಕಿತ್ತು, ಗಡಿಯಾರ ನೋಡುತ್ತಲೇ ಇದ್ದರು. ಪೇಟ ತೊಟ್ಟ ತಲೆಗಳ ಮಧ್ಯೆ ಸೆಕ್ರೆಟರಮ್ಮನ ಕೈಗೆ ಒಂದು ಕಾಗದ ಬಂತು. ‘ಸುಸ್ಥಿತಿಯಲ್ಲಿರುವ ಯಂತ್ರವನ್ನು ಸ್ವೀಕರಿಸಿದ್ದೇವೆ’ ಎಂದು ಅದರಲ್ಲಿತ್ತು. ಆಕೆ ಅದನ್ನು ಎರಡು ಸಲ ಓದಿ ನನ್ನ ಹತ್ತಿರ ಬಂದರು.

“ಬಿಚ್ಚಿ ನೋಡ್ದೆ ಎಂಗೆ ಸೈನಾಕ್ಲಿ ಮೇಷ್ಟ್ರೆ? ಒಂದ್ ಗಳಿಗೆ ಕರೆಂಟಿಗಾಕಿ ನೋಡ್ಬುಡವ.”

ನಮ್ಮ ಕಡೆ ಮದುವೆ ಮನೆಯಲ್ಲಿ ಉಡುಗೊರೆ ಕೊಟ್ಟವರ ಎದುರೇ ಪೊಟ್ಟಣ ಬಿಚ್ಚುವ ರೂಢಿಯಿಲ್ಲ. ಕೈಮುಗಿದು ಇಸಕೊಂಡು ಒಳಗಿಡಬೇಕು, ನೆಂಟರು ಹೋದ ಮೇಲೆ ನೋಡಬೇಕು. ಅದೇ ಮರ್ಯಾದೆ ನನ್ನ ತಲೆಯಲ್ಲಿ ಕೂತಿತ್ತು.

“ಮನೆ ಬಾಗಿಲಿಗೆ ಬಂದು ಕೊಡ್ತಾ ಇದ್ದಾರಮ್ಮ. ಅವರ ಮುಂದೆನೇ ಬಿಚ್ಚಿ ಪರೀಕ್ಷೆ ಮಾಡಿದ್ರೆ ಏನಂದ್ಕೋತಾರೆ? ಊರಿನ ಮಾನ ಕಳೀಬೇಡಿ, ಸಹಿ ಹಾಕಿ” ಎಂದೆ.

ಆಕೆ ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಮೇಷ್ಟ್ರು ಹೇಳಿದ ಮೇಲೆ ಇನ್ನೇನು ಎಂದುಕೊಂಡಿರಬೇಕು, ಹಾಕಿದರು. ನಾನು ಮೈಕು ಹಿಡಿದು ಕಂಪನಿಯನ್ನು ಕರ್ಣನಿಗೆ ಹೋಲಿಸಿ ಹತ್ತು ನಿಮಿಷ ಮಾತಾಡಿದೆ. ಚಪ್ಪಾಳೆಯೂ ಬಿತ್ತು. ಸಾಹೇಬರು ಹೋದ ಮೇಲಾದರೂ ಆಕೆ ಪೆಟ್ಟಿಗೆ ಬಿಚ್ಚಿ ಕರೆಂಟಿಗೆ ಹಾಕದೆ ಬಿಡಲಿಲ್ಲ. ಗುಂಯ್ ಎಂದಿತು, ದೀಪ ಹತ್ತಿತು, ಕೊಳವೆಯಲ್ಲಿ ಗಾಳಿ ಬಂತು. ಗಾಳಿಯ ಡಿಗ್ರಿ ನೋಡುವ ಕಡ್ಡಿ ಅವರ ಹತ್ತಿರ ಇರಲಿಲ್ಲ.

ವಾರವೂ ಆಗಿರಲಿಲ್ಲ. ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದ ಹೆಂಗಸೊಬ್ಬಳಿಗೆ ಬೆಳಿಗ್ಗೆ ಉಸಿರು ಕಟ್ಟಿತು. ಗಂಡ ಬಾಡಿಗೆ ಕಾರು ತಂದು ನಿಲ್ಲಿಸಿದ್ದ. ಮಿಷನ್ ಇದೆಯಲ್ಲ, ಮಂಡ್ಯದಲ್ಲಿ ಹಾಸಿಗೆಯಿಲ್ಲದೆ ಬೀದಿಯಲ್ಲಿ ಬೀಳುವುದಕ್ಕಿಂತ ಇಲ್ಲೇ ಇರಲಿ ಎಂದು ಎಲ್ಲರೂ ಸೇರಿ ತಡೆದರು. ನಾನೂ ತಡೆದೆ. ಮಿಷನ್ನು ಇಡೀ ದಿನ ಗುಂಯ್‌ಗುಟ್ಟಿತು. ಆಶಾ ಕಾರ್ಯಕರ್ತೆ ಗಂಟೆಗೊಮ್ಮೆ ಬೆರಳಿಗೆ ಕ್ಲಿಪ್ಪು ಹಾಕಿ ನೋಡುತ್ತಿದ್ದಳು. ಅಂಕಿ ಇಳಿಯುತ್ತಲೇ ಹೋಯಿತು. ಸಂಜೆ ಹೊತ್ತಿಗೆ ಗಾಬರಿಯಾಗಿ ಅದೇ ಕಾರಿನಲ್ಲಿ ಕಳಿಸಿದೆವು. ಮಂಡ್ಯ ಆಸ್ಪತ್ರೆಯ ಗೇಟು ದಾಟುವಷ್ಟರಲ್ಲಿ... ಅಷ್ಟೇ. ಆ ಮಿಷನ್ನು ಬಾರದೇ ಹೋಗಿದ್ದರೆ ಅವಳು ಬೆಳಿಗ್ಗೆಯೇ ಆಸ್ಪತ್ರೆ ಸೇರಿರುತ್ತಿದ್ದಳು.

ಸೆಕ್ರೆಟರಮ್ಮ ಮಾರನೆಯ ದಿನವೇ ಮಿಷನ್ನನ್ನು ಆಟೋದಲ್ಲಿಟ್ಟುಕೊಂಡು ಮದ್ದೂರಿಗೆ ಹೋದರು. ಅಲ್ಲಿ ಇಂಥವನ್ನು ರಿಪೇರಿ ಮಾಡುವ ಸಾಬರು ಬಿಚ್ಚಿ ನೋಡಿ, ಎಲ್ಲೋ ಚೆನ್ನಾಗಿ ದುಡಿದು ಸವೆದ ಮಿಷನ್ನಿಗೆ ಹೊಸ ಕವಚ ತೊಡಿಸಿದ್ದಾರೆ, ಗಾಳಿಯಿಂದ ಆಕ್ಸಿಜನ್ ಸೋಸಿ ತೆಗೆಯುವ ಭಾಗ ಸತ್ತುಹೋಗಿದೆ, ಇದು ಬರೀ ಗಾಳಿ ಊದುತ್ತದೆ ಎಂದರಂತೆ. ಆಕೆ ನೆಟ್ಟಗೆ ನಮ್ಮ ಮನೆಗೆ ಬಂದರು. ಒಳಗೆ ಕರೆದರೂ ಬರಲಿಲ್ಲ.

“ನೀರ್ ಹಾಲು ಕಣ್ ಮೇಷ್ಟ್ರೆ. ನೀರ್ ಹಾಲ್ಗೆ ಸೈನಾಕ್ಬುಟ್ಟೆ.”

ಕಂಪನಿಗೆ ಕಾಗದ ಬರೆದರು. ಉತ್ತರ ಬರಲಿಲ್ಲ. ಲಾಕ್‌ಡೌನ್ ಸಡಿಲವಾಗಿ ಬಸ್ಸು ಓಡಲು ಶುರುವಾದ ಮೇಲೆ ಬೆಂಗಳೂರಿನ ಕಚೇರಿಗೇ ಹೋದರು. ಎ.ಸಿ. ಕೋಣೆಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಅವರದೇ ಸಹಿಯನ್ನು ಅವರಿಗೆ ತೋರಿಸಿದರಂತೆ. ಈ ದಾನದ ಆಡಿಟ್ ಮುಗಿದಿದೆ ಮೇಡಂ, ಸುಸ್ಥಿತಿಯಲ್ಲಿತ್ತು ಎಂದು ನೀವೇ ಬರೆದುಕೊಟ್ಟಿದ್ದೀರಲ್ಲ ಎಂದರಂತೆ. ಹಳೆಯ ಮಿಷನ್ನಿಗೆ ಬಣ್ಣ ಬಳಿದು ಪುಣ್ಯ ಕಟ್ಟಿಕೊಂಡವರ ಲೆಕ್ಕಪತ್ರದಲ್ಲಿ ಒಂದು ಕೊರತೆಯೂ ಇರಲಿಲ್ಲ. ಥೂ, ಇಂಥ ಧರ್ಮಕ್ಕೆ ಬೆಂಕಿ ಬೀಳಲಿ. ನನ್ನ ವಿದ್ಯಾರ್ಥಿ ನನ್ನ ಫೋನು ಎತ್ತುವುದನ್ನೇ ಬಿಟ್ಟ.

ಊರು ಸುಮ್ಮನಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಡೈರಿ ಮುಂದೆಯೇ ಸೇರಿತು. ಸತ್ತವಳ ಮೈದುನ ಎದ್ದು ನಿಂತ.

“ಹಾಲ್ಗಾದ್ರೆ ಅಷ್ಟು ಕಟ್ನಿಟ್ಟು. ಇದ ನೋಡ್ದೆ ತಗಂಡ್ಳಂತಾ? ಒಳ್ಳೆ ಮಿಷನ್ನ ಮಾರ್ಕಂಡು ಡಕೋಟ ಇಕ್ಕವ್ಳೆ ಕಣ್ರಲಾ!”

ಯಾವ ನಿಯತ್ತಿಗೆ ಊರು ಹೆದರುತ್ತಿತ್ತೋ ಆ ನಿಯತ್ತೇ ಅವರಿಗೆ ಉರುಳಾಯಿತು. ಯಾರೋ ಒಬ್ಬ ಹಿರಿಯ, “ಏನವ್ವ, ನೋಡ್ದೆ ಸೈನಾಕು ಅಂತ ಯಾರಾರ ಏಳಿದ್ರಾ?” ಎಂದು ಕೇಳಿದ. ಆಕೆ ನನ್ನ ಕಡೆ ತಿರುಗಿದರು. ನಾನು ಮುಂದಿನ ಕುರ್ಚಿಯಲ್ಲೇ ಇದ್ದೆ. ಬಾಯಿ ಬಿಡಲಿಲ್ಲ, ನೆಲ ನೋಡಿದೆ. ಆಕೆ “ಯಾರೂ ಏಳ್ನಿಲ್ಲ, ನಾನೇ ಆಕ್ದೆ” ಎಂದು ಡೈರಿಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಟುಹೋದರು. ಬಾಯಿ ಬಿಟ್ಟು ನನ್ನ ಹೆಸರು ಹೇಳಿದ್ದರೆ ನಾನೇನು ಮಾಡುತ್ತಿದ್ದೆನೋ... ಅಲ್ಲ ಎನ್ನುತ್ತಿದ್ದೆನೇನೋ.

ಅಲ್ಲಿಂದಾಚೆ ಅವರ ಮನೆಯ ಹಾಲನ್ನು ಡೈರಿಯಲ್ಲಿ ಎಲ್ಲರ ಎದುರು ಎರಡೆರಡು ಸಲ ಪರೀಕ್ಷೆ ಮಾಡುತ್ತಿದ್ದರು. ಆಕೆ ಹಸು ಮಾರಿದರು. ಸಕ್ಕರೆ ಕಾಯಿಲೆ ಏರಿತು, ಕಿಡ್ನಿ ಹೋಯಿತು. ನಾನು ನಿವೃತ್ತನಾಗಿ ಮದ್ದೂರಿಗೆ ಬಂದುಬಿಟ್ಟೆ. ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಮಣ್ಣಿಗೂ ಹೋಗಲಿಲ್ಲ, ತಿಥಿಗೂ ಹೋಗಲಿಲ್ಲ.

ಮೊನ್ನೆ ಆ ಹಲ್ಲಿನ ಡಾಕ್ಟರ ಬಳಿಯಿಂದ ಸರದಿ ಬಿಟ್ಟು ಎದ್ದವನು ಕಿರುಗಾವಲಿಗೆ ಹೋದೆ. ಸೆಕ್ರೆಟರಮ್ಮನ ಮಗಳನ್ನು ಅಲ್ಲಿಗೇ ಕೊಟ್ಟಿರುವುದು, ರಸ್ತೆ ಪಕ್ಕ ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದಾಳೆ. ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಅವಳು ಹೊಲಿಗೆ ನಿಲ್ಲಿಸಿ ಕೇಳಿದಳು. ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ.

“ನಂಗ್ಯಾಕ್ ಏಳ್ತೀರಿ ಮೇಷ್ಟ್ರೆ? ನಮ್ಮವ್ವ ಎಂಥೋಳು ಅಂತ ನಂಗೊತ್ತು. ಬೆಳಿಗ್ಗೆ ಎಲ್ರೂ ಹಾಲಾಕಕ್ ನಿಂತಿರ್ತಾರಲ್ಲ, ಅಲ್ಲೋಗಿ ಏಳಿ.”

ಆಗಲಿ ಎಂದು ಬಂದೆ. ಒಂದು ಸಲ ಕೊಪ್ಪದವರೆಗೂ ಹೋಗಿ, ಟೀ ಕುಡಿದು, ಬಂದ ಬಸ್ಸಿಗೇ ವಾಪಸಾದೆ. ಈಗ ಕೂತು ಇದನ್ನು ಬರೆದಿದ್ದೇನೆ. ಕಂಪನಿಯ ಹೆಸರಿಲ್ಲ, ಊರಿನ ಹೆಸರಿಲ್ಲ, ಸೆಕ್ರೆಟರಮ್ಮನ ಹೆಸರೂ ಇಲ್ಲ. ಡೈರಿ ಮುಂದೆ ನಿಲ್ಲುವವರಲ್ಲಿ ಒಬ್ಬರೂ ಇದನ್ನು ಓದುವುದಿಲ್ಲ. ಅದು ಗೊತ್ತಿದ್ದೇ ಬರೆದೆ.