ತುರುವೇಕೆರೆಗೆ ಕೊಬ್ಬರಿ ತರಲು

ಈ ಬೆಳಿಗ್ಗೆ ತಿಪಟೂರಿನಿಂದ ಹೊರಟ ಬಸ್ಸಿನಲ್ಲಿ ಯಾರೋ ನನ್ನ ಕಾಲ ಬಳಿ ಕೊಬ್ಬರಿ ಚೀಲ ಇಟ್ಟರು. ಆ ಎಣ್ಣೆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಗು ಬಂತು. ಪಕ್ಕದವರು ಏನೆಂದುಕೊಂಡರೋ! ನೀವಾದರೂ ಕೇಳಿ, ಆ ನಗುವಿನ ಹಿಂದೆ ಒಂದು ಹಸಿ ಸುಳ್ಳಿದೆ.

ಎರಡು ವರ್ಷದ ಹಿಂದಿನ ಮಾತು. ನಾನು ತಿಪಟೂರಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವಳು. ಪಾಠ ಎಂದೆನಲ್ಲ, ಆಗ ಪಾಠಕ್ಕಿಂತ ಫೈಲೇ ಹೆಚ್ಚಾಗಿತ್ತು. ತಪಾಸಣೆಗೆ ಸಮಿತಿ ಬರುತ್ತದೆಂದು ಐದು ವರ್ಷದ ವರದಿ, ವರದಿಗೆ ಫೋಟೋ, ಫೋಟೋಗೆ ಸಾಕ್ಷಿ. ಸಸಿ ನೆಟ್ಟ ಫೋಟೋ ಸಿಗಲಿಲ್ಲವೆಂದು ಚೆನ್ನಾಗಿ ಬೇರು ಬಿಟ್ಟಿದ್ದ ಸಸಿಯನ್ನೇ ಕಿತ್ತು ಮತ್ತೆ ನೆಟ್ಟೆವು. ಪಾಪ, ಅದು ಒಣಗಿ ಹೋಯಿತು.

ನಾನೂ ಒಣಗುತ್ತಿದ್ದೆ. ತರಗತಿಯ ಬಾಗಿಲವರೆಗೆ ಹೋದವಳು ಒಳಗೆ ಕಾಲಿಡಲಾರದೆ ಅಲ್ಲೇ ನಿಂತುಬಿಡುತ್ತಿದ್ದೆ. ಇಪ್ಪತ್ತು ವರ್ಷ ಹೇಳಿದ ಪಾಠ ಬಾಯಿಗೇ ಬರುತ್ತಿರಲಿಲ್ಲ. ಸೋಮವಾರ ಪ್ರಿನ್ಸಿಪಾಲರ ಮುಖಕ್ಕೆ ಹಿಡಿಯುವುದೆಂದು ರಾಜೀನಾಮೆ ಬರೆದು ಬ್ಯಾಗಿನಲ್ಲಿಟ್ಟುಕೊಂಡೆ. ಪಾಠ ಬಿಟ್ಟು ನನಗೆ ಬೇರೇನೂ ಬಾರದು ಎಂಬುದೇ ಸಂಕಟ.

ಅದಕ್ಕೂ ಮೊದಲು ಇದೊಂದು ನೋಡಿಬಿಡೋಣವೆಂದು ಶನಿವಾರ ತುರುವೇಕೆರೆಯ ಮನೋವೈದ್ಯರೊಬ್ಬರ ಬಳಿ ಹೋದೆ. ನಮ್ಮೂರಲ್ಲೇ ತೋರಿಸಿದರೆ ಸಂಜೆಯೊಳಗೆ ‘ಮೇಡಂಗೆ ತಲೆ ಕೆಟ್ಟಿದೆಯಂತೆ’ ಎಂದು ಡಂಗುರ ಸಾರಿಬಿಡುತ್ತಾರಲ್ಲ! ಕ್ಲಿನಿಕ್ಕಿನ ಬೆಂಚಿನಲ್ಲಿ ತಲೆ ತುಂಬ ಸೆರಗು ಹೊದ್ದು ಕೂತೆ. ಪಕ್ಕದಲ್ಲಿ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡಿದ್ದವರು ಪೇಪರು ಇಳಿಸಿದರು. ನೋಡಿದರೆ ನಮ್ಮ ಪ್ರಿನ್ಸಿಪಾಲರು!

“ಸಾರ್, ಕೊಬ್ಬರಿ ತರೋಕೆ ಬಂದಿದ್ದೆ,” ಅಂದುಬಿಟ್ಟೆ.

“ನಾನೂ ಅದಕ್ಕೇ ಕಣ್ರೀ,” ಎಂದರು. ಪೇಪರು ಮಡಿಸುತ್ತ, “ಅಲ್ರೀ ಮೇಡಂ, ತಿಪಟೂರಲ್ಲಿರೋರು ಯಾರಾದ್ರೂ ಕೊಬ್ಬರಿ ತರೋಕೆ ತುರುವೇಕೆರೆಗೆ ಬತ್ತಾರೇನ್ರೀ?”

ಇಡೀ ಸೀಮೆಯ ಕೊಬ್ಬರಿ ಬಂದು ಬೀಳುವುದೇ ನಮ್ಮೂರಿಗೆ! ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ನನಗೆ ಅಳು ಬಂತು. ಸೋಮವಾರಕ್ಕೆ ಕಾಯದೆ ಆ ಕಾಗದವನ್ನು ಅಲ್ಲೇ ಅವರ ಕೈಗಿಟ್ಟೆ.

ಓದಿ, ಮಡಿಸಿ, ವಾಪಸು ಕೊಟ್ಟರು. “ಮೂರು ತಿಂಗ್ಳಿಂದ ನಾನೂ ಮಾತ್ರೆ ತಗೋತಿದೀನಿ. ಮೇಲಿನೋರು ನನ್ ಮೇಲೆ ತಳ್ಳಿದ್ರು, ನಾನು ನಿಮ್ ಮೇಲೆ ತಳ್ದೆ. ತಪ್ಪಾಯ್ತು. ಫೈಲು ಎಲ್ರೂ ಹಂಚ್ಕೊಳ್ಳಾಣ ಬುಡಿ. ಮೊದ್ಲು ಡಾಕ್ಟ್ರನ್ನ ನೋಡಿ.”

ನೋಡಿದೆ. ಒಂದೇ ದಿನಕ್ಕೆ ಏನೂ ಆಗಲಿಲ್ಲ, ತಿಂಗಳುಗಳೇ ಹಿಡಿದವು. ಆದರೆ ಒಂದು ಬೆಳಿಗ್ಗೆ ಗಂಟೆ ಹೊಡೆದ ಮೇಲೂ ನಾನು ಪಾಠ ಹೇಳುತ್ತಲೇ ಇದ್ದೆ. ಮಕ್ಕಳೇ ‘ಟೈಮಾಯ್ತು ಮೇಡಂ’ ಎಂದು ನೆನಪಿಸಬೇಕಾಯಿತು. ಅಬ್ಬಾ, ಅವತ್ತಿನ ನೆಮ್ಮದಿಯನ್ನು ಏನೆಂದು ಹೇಳಲಿ! ಈಗಲೂ ಆಗಾಗ ಹೋಗಿ ತೋರಿಸಿಕೊಂಡು ಬರುತ್ತೇನೆ.

“ಎಲ್ಲಿಗ್ ಹೊರಟ್ರಿ ಮೇಡಂ?” ಇವತ್ತಿನ ಬಸ್ಸಿನ ಕಂಡಕ್ಟರು ನನ್ನ ಹಳೆಯ ವಿದ್ಯಾರ್ಥಿ, ಗಂಟಲು ದೊಡ್ಡದು. ಬಸ್ಸೆಲ್ಲ ನನ್ನತ್ತ ತಿರುಗಿತು.

“ತುರುವೇಕೆರೆಗೆ ಕಣಪ್ಪ. ಮನಸ್ಸಿನ ಡಾಕ್ಟ್ರ ಹತ್ರ.”

ಅವನು ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ. ಎರಡು ಸೀಟು ದಾಟಿದವನು ಹಿಂದಿರುಗಿ ಬಂದು ನನ್ನತ್ತ ಬಗ್ಗಿದ.

“ಮೇಡಂ, ಆ ಡಾಕ್ಟ್ರು ಎಷ್ಟೊತ್ತಿನ ತಂಕ ಇರ್ತಾರೆ? ನಂದು ಡ್ಯೂಟಿ ಎರಡಕ್ಕೆ ಮುಗೀತದೆ.”