ಪಿಸುಮಾತು ಬಾರದ ಮಂಗಳಮ್ಮ

ಪೊಲೀಸರು ಬರಬಹುದಿತ್ತು. ಜೀಪು ಕಾಲೇಜಿನ ಗೇಟಿನೊಳಗೇ ಬಂದು, ಸರಿಯಾಗಿ ಪ್ರಾರ್ಥನೆಯ ಹೊತ್ತಿಗೆ, ಸಾಲಾಗಿ ನಿಂತ ಮಕ್ಕಳೆದುರು ನನ್ನನ್ನು ಹತ್ತಿಸಿಕೊಂಡು ಹೋಗಬಹುದಿತ್ತು. ಬ್ಯಾಂಕಿನವರು ಖಾತೆಗೆ ಬೀಗ ಹಾಕಬಹುದಿತ್ತು. ಪತ್ರಿಕೆಯ ಮೂರನೇ ಪುಟದಲ್ಲಿ, ಹೊಗೆಸೊಪ್ಪಿನ ದರದ ಕೆಳಗೆ, ನನ್ನ ಫೋಟೊ ಬರಬಹುದಿತ್ತು. ಅದೂ ಎಸ್ಸೆಸ್ಸೆಲ್ಸಿ ಹಾಲ್‌ಟಿಕೆಟ್ಟಿನಲ್ಲಿರುವ, ಕಿವಿ ಮಾತ್ರ ಎದ್ದು ಕಾಣುವ ಫೋಟೊ. ನನಗೆ ನಿಶ್ಚಯವಾಗಿದ್ದ ಸಾಲಿಗ್ರಾಮದ ಹುಡುಗಿಯ ಮನೆಯವರು ಅದನ್ನು ನೋಡಿ, ಕೊಟ್ಟ ತಾಂಬೂಲ ವಾಪಸ್ ಕೇಳಬಹುದಿತ್ತು. ನನ್ನವ್ವ ಬೀದಿಯ ನಲ್ಲಿಗೆ ನೀರಿಗೆ ಹೋಗುವುದನ್ನೇ ಬಿಡಬಹುದಿತ್ತು.

ಇವೆಲ್ಲ ಆಗಬಹುದಾಗಿದ್ದವು. ಆಗಿಯೇ ತೀರಬೇಕಿದ್ದದ್ದು, ಆದರೆ ನನಗೆ ಗೊತ್ತಿಲ್ಲದೆ ಇದ್ದದ್ದು ಒಂದೇ: ಹುಣಸೂರಿನ ಮಂಗಳಮ್ಮ ಮೇಡಂ ನನ್ನ ಗುಟ್ಟನ್ನು ಕೂಗಿ ಹೇಳುತ್ತಾರೆ. ಯಾಕೆಂದರೆ ಆಕೆಗೆ ಪಿಸುಮಾತು ಬರುತ್ತಿರಲಿಲ್ಲ.

ಆಕೆಯ ಅಪ್ಪ ಹೊಗೆಸೊಪ್ಪಿನ ವ್ಯಾಪಾರಿ. ಮಂಗಳಮ್ಮ ಬೆಳೆದದ್ದು ಸೊಪ್ಪು ಬಿಗಿದ ಬೇಲುಗಳ ನಡುವೆ, ಹರಾಜಿನ ಗದ್ದಲದಲ್ಲಿ. ಅಲ್ಲಿ ಮೆಲ್ಲಗೆ ಮಾತಾಡಿದವರಿಗೆ ಚಹಾ ಕೂಡ ಸಿಗುತ್ತಿರಲಿಲ್ಲವಂತೆ. ಬಿ.ಕಾಂ. ಮುಗಿಸಿ, ಆದಾಯ ತೆರಿಗೆ ರಿಟರ್ನ್ಸ್ ತುಂಬಿಕೊಡುವ ಕಚೇರಿಯನ್ನು ಬಸ್‌ಸ್ಟ್ಯಾಂಡಿನ ಹತ್ತಿರದ ಮಳಿಗೆಯಲ್ಲಿ ತೆರೆದರೂ ಗಂಟಲು ಹರಾಜುಕಟ್ಟೆಯಲ್ಲೇ ಉಳಿಯಿತು. ಚಹಾವನ್ನು ಸಾಸರಿಗೆ ಸುರಿದು ಒಂದೇ ಗುಟುಕಿಗೆ ಕುಡಿಯುತ್ತಿದ್ದರು. ಕಂಪ್ಯೂಟರಿನ ಕೀಲಿಗಳನ್ನು ರಾಗಿ ಬೀಸುವವರ ರಟ್ಟೆಬಲದಲ್ಲಿ ಒತ್ತುತ್ತಿದ್ದರು. ಕಚೇರಿಗೆ ಒಳಕೋಣೆ ಇರಲಿಲ್ಲ. ಇದ್ದದ್ದು ಗೋಡೆಗೊರಗಿದ ಒಂದು ಉದ್ದನೆಯ ಬೆಂಚು. ಬಂದವರೆಲ್ಲ ಅದರ ಮೇಲೆ ಸಾಲಾಗಿ ಕೂರಬೇಕು. ತಮ್ಮ ಸರದಿ ಬಂದಾಗ, ಕಾಗದ ಮುಂದಿಡುವ ಮೊದಲು, ಏನು ತಪ್ಪಾಗಿದೆಯೆಂದು ಬಾಯಿಬಿಟ್ಟು ಹೇಳಬೇಕು. ಹಾಗೆ ಹೇಳದವರ ಕಾಗದವನ್ನು ಆಕೆ ಮುಟ್ಟುತ್ತಿರಲಿಲ್ಲ.

ಈ ಪದ್ಧತಿ ನನಗೆ ಮೊದಲೇ ಗೊತ್ತಿದ್ದರೆ ನಾನು ಜೈಲನ್ನೇ ಆರಿಸಿಕೊಳ್ಳುತ್ತಿದ್ದೆ.

ಆಗ ನನಗೆ ಇಪ್ಪತ್ತೇಳೋ ಇಪ್ಪತ್ತೆಂಟೋ. ಕೆ.ಆರ್. ನಗರದ ಒಂದು ಪಿಯು ಕಾಲೇಜಿನ ಲೆಕ್ಕದ ವಿಭಾಗದಲ್ಲಿ ಗುಮಾಸ್ತ. ವರ್ಷದ ಸಂಬಳವೆಷ್ಟು, ಅದರಲ್ಲಿ ಹಿಡಿದ ತೆರಿಗೆಯೆಷ್ಟು ಎಂದು ತೋರಿಸುವ ಕಾಗದವನ್ನು ಎಲ್ಲ ಉಪನ್ಯಾಸಕರಿಗೂ ಹಂಚುವುದು, ಆಮೇಲೆ ‘ರಿಟರ್ನ್ಸ್ ಹಾಕಿದಿರಾ, ಹಾಕಿದಿರಾ’ ಎಂದು ಬೆನ್ನು ಹತ್ತುವುದು ನನ್ನ ಕೆಲಸ. ಬೆನ್ನು ಹತ್ತುವುದರಲ್ಲಿ ನನಗೊಂದು ಸುಖವೂ ಇತ್ತು. ‘ಟ್ಯಾಕ್ಸ್ ಸಾರ್’ ಎಂದೇ ಹೆಸರಾಗಿತ್ತು. ಒಮ್ಮೆ ದೈಹಿಕ ಶಿಕ್ಷಣದ ಇಲಿಯಾಸ್ ಮಾಸ್ಟ್ರು ಗಡುವು ದಾಟಿಸಿಕೊಂಡಾಗ, ಸ್ಟಾಫ್‌ರೂಮಿನಲ್ಲಿ ಎಲ್ಲರ ಮುಂದೆ, “ಮಕ್ಕಳಿಗೆ ನೀವು ಸೀಟಿ ಊದ್ತೀರಿ, ನಿಮಗೆ ಯಾರು ಊದಬೇಕು ಮಾಸ್ಟ್ರೇ?” ಎಂದು ಕೇಳಿ ನಗಿಸಿದ್ದೆ. ಅವರೂ ನಕ್ಕಿದ್ದರು, ಕಿವಿ ಕೆಂಪಗೆ ಮಾಡಿಕೊಂಡು.

ಈ ಟ್ಯಾಕ್ಸ್ ಸಾರ್ ತನ್ನ ರಿಟರ್ನ್ಸನ್ನು ಮೂರು ವರ್ಷದಿಂದ ಹಾಕಿರಲಿಲ್ಲ.

ಮೊದಲನೇ ವರ್ಷ ಊರವರದ್ದೆಲ್ಲ ನೋಡುವುದರಲ್ಲಿ ನನ್ನದು ಮರೆತುಹೋಯಿತು. ಎರಡನೇ ವರ್ಷ, ಈಗ ಹಾಕಿದರೆ ಹೋದ ವರ್ಷ ಹಾಕದ್ದು ಕಣ್ಣಿಗೆ ಬೀಳುತ್ತದೆಂದು ಸುಮ್ಮನಾದೆ. ಮೂರನೇ ವರ್ಷ ಅದೇ ಭಯಕ್ಕೆ ಎರಡು ತಲೆ ಬಂದಿತ್ತು. ತೆರಿಗೆಯನ್ನೇನೋ ಸಂಬಳದಲ್ಲೇ ಮುರಿದುಕೊಂಡಿದ್ದರು. ಆದರೂ ಅಂಚೆಯವನ ಸೈಕಲ್ ಬೆಲ್ ಕೇಳಿದರೆ ಬಚ್ಚಲಿಗೆ ಹೋಗಿ ನಿಲ್ಲುತ್ತಿದ್ದೆ. ಅಷ್ಟರಲ್ಲಿ ಮದುವೆ ನಿಶ್ಚಯವಾಯಿತು. ನೋಟಿಸು ಬಂದು ಅದು ಬೀಗರ ಕೈಗೆ ಸಿಕ್ಕಿದರೆ ಎಂಬ ಯೋಚನೆ ಬಂದಮೇಲೆ ಅನ್ನ ಇಳಿಯಲಿಲ್ಲ. ನಮ್ಮೂರಿನಲ್ಲಿ ತೋರಿಸಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಹುಣಸೂರಿನಲ್ಲಿ ನನ್ನನ್ನು ಯಾರು ಬಲ್ಲರು? ಕಾಲೇಜಿಗೆ ಜ್ವರವೆಂದೆ. ಅವ್ವನಿಗೆ ಕಾಲೇಜಿಗೆಂದೆ. ಅವಳು ಕಟ್ಟಿಕೊಟ್ಟ ಸ್ಟೀಲ್ ಡಬ್ಬಿ ಹಿಡಿದು ಬಸ್ಸು ಹತ್ತಿದೆ.

ಬೆಂಚಿನ ಮೇಲೆ ಐದಾರು ಜನವಿದ್ದರು. ಕೊನೆಯಲ್ಲಿದ್ದವರು ಪೇಪರ್ ಅಗಲಕ್ಕೆ ಹಿಡಿದು ಓದುತ್ತಿದ್ದರು. ನನಗಿಂತ ಮುಂಚಿನ ಸರದಿ ಹೆಚ್.ಡಿ. ಕೋಟೆಯ ಲಾರಿ ಮಾಲೀಕರೊಬ್ಬರದು. ಅವರು ಮೇಜಿನ ಮೇಲೆ ಬಾಗಿ ಏನೋ ಗುಸುಗುಟ್ಟಿದರು.

“ಜೋರಾಗೇಳಿ ಗೌಡ್ರೇ!” ಎಂದು ಮಂಗಳಮ್ಮ ಗದರಿದರು. “ಇಲ್ಲಿ ಕೂತಿರೋರೆಲ್ಲ ನಿಮ್ಮಂಗೇ ಬಂದೋರು ಕಣ್ರೀ. ತೆಪ್ಪು ಮಾಡ್ದೆ ಇರೋರು ಮನೇಲಿ ಕೂತವ್ರೆ.”

“ಐದ್ ವರ್ಸ ಹಾಕಿಲ್ಲ ಕಣವ್ವ,” ಎಂದರು ಗೌಡರು, ಸೋತ ದನಿಯಲ್ಲಿ.

“ನೋಡಿ, ಹೇಳುದ್ರಿ, ಮುಗೀತು. ಏನಾರ ಉದುರೋಯ್ತಾ?”

ನನ್ನ ಸರದಿ ಬಂತು. ನಾನು ಒಂದು ಚೀಟಿಯಲ್ಲಿ ಎಲ್ಲವನ್ನೂ ಬರೆದುಕೊಂಡು ಹೋಗಿದ್ದೆ. ಆಕೆ ಮೇಲಿದ್ದ ‘ಮಹೇಶ’ ಎಂಬ ಹೆಸರನ್ನಷ್ಟೇ ಓದಿ ಅದನ್ನು ಪಕ್ಕಕ್ಕೆ ತಳ್ಳಿದರು.

“ಬಾಯಿಲ್ವಾ?”

“ಮೂರು ವರ್ಷ...” ಎಂದೆ.

“ಯಾನು ಮೂರು ವರ್ಷ? ಜೋರಾಗಿ!”

“ಮೂರು ವರ್ಷದ ರಿಟರ್ನ್ಸ್ ಹಾಕಿಲ್ಲ ಮೇಡಂ.”

“ಯಾವ ಕೆಲ್ಸ?”

“ಕಾಲೇಜಿನಲ್ಲಿ... ಲೆಕ್ಕದ ವಿಭಾಗ.”

ಬೆಂಚಿನ ಕೊನೆಯಲ್ಲಿ ಪೇಪರ್ ನಿಧಾನವಾಗಿ ಕೆಳಗಿಳಿಯಿತು. ಅದರ ಹಿಂದೆ, ಅವತ್ತು ತಾವೂ ರಜೆ ಹಾಕಿದ್ದ ಇಲಿಯಾಸ್ ಮಾಸ್ಟ್ರು. ಹುಣಸೂರಿನಿಂದ ದಿನಾ ಬಸ್ಸಿನಲ್ಲಿ ಕೆಲಸಕ್ಕೆ ಬರುವ ಇಲಿಯಾಸ್ ಮಾಸ್ಟ್ರು ಹುಣಸೂರಿನಲ್ಲೇ ಇರುತ್ತಾರೆಂಬುದು, ಅಷ್ಟೆಲ್ಲ ಅಪಾಯಗಳನ್ನು ಊಹಿಸಿಕೊಂಡಿದ್ದ ನನ್ನ ತಲೆಗೆ ಹೊಳೆದಿರಲಿಲ್ಲ.

ಅವರು ಜೇಬಿಗೆ ಕೈಹಾಕಿ ಸೀಟಿ ತೆಗೆದರು. ಊದಲಿಲ್ಲ. ಬರೀ ಎತ್ತಿ ತೋರಿಸಿದರು. “ಸಾರ್, ಊದ್ಲಾ?”

ನಾನು ನೆಲ ನೋಡಿದೆ. ಆ ನೆಲದ ಹಾಸುಕಲ್ಲಿನ ಬಿರುಕು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

“ಏಯ್ ಇಲಿಯಾಸು, ಮಡಿಕ್ಕೊಳೊ ಒಳೀಕೆ!” ಎಂದರು ಮಂಗಳಮ್ಮ. “ಓದ್ಸಲ ನೀನು ಇಲ್ಲೇ ನಿಂತ್ಕೊಂಡು ಅಳೋದೊಂದ್ ಬಾಕಿ ಇತ್ತು.” ಆಮೇಲೆ ನನ್ನ ಕಡೆ ತಿರುಗಿ, “ನೋಡ್ರೀ ಮಹೇಶು, ಇಲ್ಲಿ ಎಷ್ಟ್ ಬೇಕಾರೂ ಕಿರುಚ್ತೀನಿ. ಆದ್ರೆ ಆ ಹೊಸ್ಲು ದಾಟುದ್ ಮ್ಯಾಲೆ ನಿಮ್ಮ ಇಸ್ಯ ನಂಗೆ ಗೊತ್ತೇ ಇಲ್ಲ. ಈ ಬೆಂಚಿನ ಮ್ಯಾಲೆ ಕೂತೋರ್ಗೂ ಅದೇ. ಏನೋ ಇಲಿಯಾಸು?”

“ನನ್ಗೆ ಇವ್ರು ಯಾರು ಅಂತ್ಲೇ ಗೊತ್ತಿಲ್ಲ ಮೇಡಂ,” ಎಂದು ಇಲಿಯಾಸ್ ಪೇಪರ್ ಮತ್ತೆ ಎತ್ತಿಕೊಂಡರು.

ಮೊದಲನೇ ವರ್ಷದ ಗಡುವು ಪೂರ್ತಿ ದಾಟಿಹೋಗಿತ್ತು. “ಅದುನ್ನ ಬುಡಿ. ತೆರಿಗೆ ಹಿಡ್ದವ್ರೆ. ಕೇಳುದ್ರೆ ಉತ್ರ ಕೊಡಣ, ನಾನಿದ್ದೀನಲ್ಲ,” ಎಂದರು. ಉಳಿದೆರಡನ್ನು ಆಗಲೇ ಕುಟ್ಟಿ ಕಳಿಸಿದರು. ಪಾಸ್‌ವರ್ಡ್ ಏನಿಡಲಿ ಎಂದಾಗ ನಾನು ಮದುವೆಯಾಗುವ ಹುಡುಗಿಯ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಆಕೆ ಅದನ್ನೂ ಕೂಗಿ ಓದಿದರು. “ಹೆಸ್ರು ಚೆನ್ನಾಗದೆ,” ಎಂದರು ಲಾರಿ ಗೌಡರು. ಆಮೇಲೆ ಮಂಗಳಮ್ಮ ನನ್ನ ಡಬ್ಬಿ ತೆಗೆಸಿ, ಅವ್ವ ಕಟ್ಟಿದ್ದ ಚಿತ್ರಾನ್ನವನ್ನು ಬೆಂಚಿನವರಿಗೆಲ್ಲ ಒಂದೊಂದು ತುತ್ತು ಹಂಚಿಸಿದರು. ಸಹಿ ಮಾಡಿದ ರಸೀದಿ ಕಾಗದವನ್ನು ಬೆಂಗಳೂರಿನ ತೆರಿಗೆ ಕಚೇರಿಗೆ ಕಳಿಸಲು ಅಂಚೆ ಕಚೇರಿ ಮುಚ್ಚುವುದರೊಳಗೆ ಓಡಬೇಕಿತ್ತು. ಓಡಿದೆ. ಡಬ್ಬಿ ಅಲ್ಲೇ ಉಳಿಯಿತು.

ಪೊಲೀಸರು ಬರಲಿಲ್ಲ. ಬ್ಯಾಂಕಿನವರು ಕ್ಯಾಲೆಂಡರ್ ಕೊಟ್ಟರು. ಸಾಲಿಗ್ರಾಮದ ಹುಡುಗಿ ಇವತ್ತಿಗೂ ನನ್ನ ಹೆಂಡತಿ. ಇಲಿಯಾಸ್ ಯಾರಿಗೂ ಹೇಳಲಿಲ್ಲ; ಕಾರಿಡಾರಿನಲ್ಲಿ ಸಿಕ್ಕಾಗ ಮಾತ್ರ ಸೀಟಿ ಇರುವ ಜೇಬನ್ನು ಸುಮ್ಮನೆ ತಟ್ಟಿಕೊಳ್ಳುತ್ತಿದ್ದರು.

ಯುಗಾದಿ ಮುಗಿದ ಮೇಲಿನ ಶನಿವಾರ. ಪ್ರಿನ್ಸಿಪಾಲರು, ಇಬ್ಬರು ಉಪನ್ಯಾಸಕರ ಜೊತೆ ನಮ್ಮೂರಿನ ಬಸ್‌ಸ್ಟ್ಯಾಂಡಿನಲ್ಲಿ ಮೈಸೂರು ಬಸ್ಸಿಗೆ ಕಾಯುತ್ತಿದ್ದೆ. ಹುಣಸೂರು ಬಸ್ಸಿನಿಂದ ಮಂಗಳಮ್ಮ ಇಳಿದರು. ಹೊಸ ಸೀರೆ, ಕೈಯಲ್ಲೊಂದು ಚೀಲ.

“ರೀ ಮಹೇಶು! ನಿಂತ್ಕೊಳ್ರೀ! ರೀ!”

ಬಾಳೆಹಣ್ಣಿನವಳು ತಿರುಗಿದಳು. ಡ್ರೈವರು ತಿರುಗಿದ. ನಾನು ಬಸ್ಸಿನ ವೇಳಾಪಟ್ಟಿಯ ಹಲಗೆಯತ್ತ ಮುಖ ಮಾಡಿ, ಪಿರಿಯಾಪಟ್ಟಣಕ್ಕೆ ಎಷ್ಟು ಗಂಟೆಗೆ ಬಸ್ಸಿದೆಯೆಂದು ಭಕ್ತಿಯಿಂದ ಓದತೊಡಗಿದೆ. ಇನ್ನೊಂದು ಕ್ಷಣಕ್ಕೆ ಆ ಗಂಟಲಿನಿಂದ ‘ಮೂರು ವರ್ಷ’ ಹೊರಬೀಳುವುದರಲ್ಲಿತ್ತು.

“ಯಾರೋ ನಿಮ್ಮನ್ನ ಕರೀತಿರೋ ಹಾಗಿದೆ,” ಎಂದರು ಪ್ರಿನ್ಸಿಪಾಲರು.

“ನನ್ನನ್ನಲ್ಲ ಸಾರ್. ಮಹೇಶ ಅನ್ನೋರು ಬಸ್ಸಿಗೆ ಹತ್ತು ಜನ ಇರ್ತಾರೆ.”

ಮತ್ತೆ ಕೂಗು ಬರಲಿಲ್ಲ. ಹರಾಜುಕಟ್ಟೆಯನ್ನೇ ಸುಮ್ಮನಾಗಿಸುತ್ತಿದ್ದ ದನಿ ತಾನಾಗಿ ನಿಂತಿತು. ನಾನು ತಿರುಗುವಷ್ಟರಲ್ಲಿ ಆಕೆ ಇರಲಿಲ್ಲ.

ಸೋಮವಾರ ಇಲಿಯಾಸ್ ನನ್ನ ಮೇಜಿನ ಮೇಲೆ ಡಬ್ಬಿ ತಂದಿಟ್ಟರು. “ಮೇಡಂ ಕೊಟ್ರು ಸಾರ್. ತಂಗಿ ಮನೆಗೆ ಬಂದಿದ್ರಂತೆ. ಕೂಗ್ದೆ, ಬಸ್ಸಿನ ಸದ್ದಲ್ಲಿ ಕೇಳುಸ್ಲಿಲ್ಲ ಪಾಪ, ಅಂದ್ರು.” ಅವತ್ತು ಅವರು ಜೇಬು ತಟ್ಟಿಕೊಳ್ಳಲಿಲ್ಲ.

ಮುಂದಿನ ವರ್ಷಗಳ ರಿಟರ್ನ್ಸನ್ನು ನಾನೇ ಕಲಿತು ಹಾಕಿಕೊಂಡೆ. ಹುಣಸೂರಿನ ಮೇಲೆ ಹೋಗುವಾಗ ಬಸ್ಸಿನಲ್ಲಿ ಆಕೆಯ ಮಳಿಗೆ ಕಾಣುವ ಬದಿಯ ಕಿಟಕಿಯಲ್ಲಿ ಕೂರುತ್ತಿರಲಿಲ್ಲ. ಮಂಗಳಮ್ಮ ತೀರಿಕೊಂಡರೆಂದು ಇಲಿಯಾಸ್ ಹೇಳಿದ ದಿನವೂ ಹೋಗಲಿಲ್ಲ. ಆಕೆ ನನಗೆ ಏನಾಗಬೇಕೆಂದು ಯಾರಾದರೂ ಕೇಳಿದರೆ ಜೋರಾಗಿ ಹೇಳಬೇಕಾಗುತ್ತಿತ್ತು. ಈಗ ಆ ಮಳಿಗೆಯಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಬೆಂಚಿಲ್ಲ.

ಆ ಸೋಮವಾರ ನಾನು ಡಬ್ಬಿಯನ್ನು ತೆರೆಯದೆ ಮನೆಗೆ ಒಯ್ದೆ. ಅವ್ವ ತೊಳೆಯಲೆಂದು ಮುಚ್ಚಳ ತೆಗೆದಳು. ಖಾಲಿ ಡಬ್ಬಿ ಹಿಂದಿರುಗಿಸಬಾರದೆಂದು ಮಂಗಳಮ್ಮ ಅದರ ತುಂಬ ಹಬ್ಬದ ಬೇಳೆ ಒಬ್ಬಟ್ಟು ಇಟ್ಟಿದ್ದರು, ನಡುನಡುವೆ ಬಾಳೆ ಎಲೆ ಹಾಸಿ.

“ಥೂ, ಬೂಸ್ಲು ಬಂದ್ಬುಟ್ಟದೆ,” ಎಂದಳು ಅವ್ವ, ಮೂಗಿಗೆ ಸೆರಗು ಹಿಡಿದು. “ಇಷ್ಟೊಂದು ತುಪ್ಪ ಹಾಕಿ ಮಾಡವ್ರೆ ಯಾರೋ ಪುಣ್ಯಾತ್ಗಿತ್ತಿ. ಕೊಟ್ಟಾಗ್ಲೇ ಇಸ್ಕೊಳ್ಳಕ್ಕೆ ಏನಾಗಿತ್ತೋ ನಿಂಗೆ?”