ಹನ್ನೆರಡು ವರ್ಷ ಮಲಗಿದ ಬಾಟಲಿ

ಯಲ್ಲಾಪುರದ ಕೆರಿಯ ಗೌಡನಿಗೆ ಮರ ಗುರುತಿಸಲು ಎಲೆ ಬೇಕಿರಲಿಲ್ಲ. ತೊಗಟೆಗೆ ಕತ್ತಿಯಿಂದ ಒಂದು ಕಚ್ಚು ಹಾಕಿ, ಮೂಸಿ, ಚೂರೊಂದನ್ನು ನಾಲಿಗೆಗಿಟ್ಟರೆ ಮುಗಿಯಿತು, ಮತ್ತಿಯೋ ಹೊನ್ನೆಯೋ ಹೇಳಿಬಿಡುತ್ತಿದ್ದ. ಸಾಮಿಲ್ಲಿನಲ್ಲಿ ನಾಟಾ ವಿಂಗಡಿಸುವ ಕೆಲಸ ಸಿಕ್ಕಿದ್ದೂ ಆ ನಾಲಿಗೆಯಿಂದಲೇ.

೧೯೯೧ರಲ್ಲಿ ಕಾಡಿನ ನಕಾಶೆ ಮಾಡಲು ಫ್ರಾನ್ಸಿನ ಪಂಡಿತನೊಬ್ಬ ಬಂದ. ಹೆಸರಿಗೆ ಅವನು ಪಂಡಿತ. ನಾಲ್ಕು ತಿಂಗಳು ಅವನಿಗೆ ಮರ ಕಲಿಸಿದವನು ಕೆರಿಯ. ಹೊರಡುವ ಮುನ್ನಾದಿನ ಆತ ತನ್ನೂರಿನ ಕೆಂಪು ವೈನಿನ ಎರಡು ಬಾಟಲಿ ತೆಗೆದ. ಒಂದನ್ನು ಇಬ್ಬರೂ ಕುಡಿದರು. ಕೆರಿಯ ಮುಖ ಕಿವುಚಿದ, ಮತ್ತಿ ತೊಗಟೆ ಜಗಿದಷ್ಟು ಒಗರು! ಆತ ನಕ್ಕು, ಇದಿನ್ನೂ ಎಳೆಯದು, ಇನ್ನೊಂದನ್ನು ಹನ್ನೆರಡು ವರ್ಷ ಕತ್ತಲಲ್ಲಿ ಅಲುಗಿಸದೆ ಮಲಗಿಸಿಡು, ಇದರ ರುಚಿ ನಿನ್ನಂಥವನಿಗೇ ತಿಳಿಯುವುದು ಎಂದು ಹರಕುಮುರುಕು ಕನ್ನಡದಲ್ಲಿ ಹೇಳಿ ಕೈಗಿತ್ತ.

ಕೆರಿಯ ಹಿಂದಿನ ಕೋಣೆಯಲ್ಲಿ ಹೊಂಡ ತೋಡಿ, ಭತ್ತದ ಹೊಟ್ಟು ತುಂಬಿ ಬಾಟಲಿ ಮಲಗಿಸಿದ. ಊರು ಸುಮ್ಮನಿದ್ದೀತೇ? ಗೌಡ ಹೆಂಡಕ್ಕೆ ಬಾಣಂತನ ಮಾಡುತ್ತಿದ್ದಾನೆ ಎಂದು ನಕ್ಕಿತು. ತಮ್ಮನ ಮದುವೆಯಲ್ಲಿ ನೆಂಟರು ಕಾಡಿದರು, ಕೊಡಲಿಲ್ಲ. ನಗುವವರು ನಗಲಿ, ಅವರಪ್ಪನ ಗಂಟೇನು ಹೋಗುತ್ತದೆ?

ಹನ್ನೆರಡನೇ ವರ್ಷ ಸುದ್ದಿ ಮಿಲ್ಲಿನ ಮಾಲೀಕ ಸಂಗಯ್ಯನ ಕಿವಿಗೆ ಬಿತ್ತು. ಹಾನಗಲ್ ಕಡೆಯಿಂದ ಬಂದು ನೆಲೆನಿಂತ ಸಾಹುಕಾರ. ಅವನ ಮನೆಗೆ ಬೆಂಗಳೂರಿನ ದೊಡ್ಡ ಅತಿಥಿ ಬರುವವನಿದ್ದ.

"ನಾಳಿ ಸಂಜಿಗೆ ಬಾಟ್ಲಿ ಒಯ್ಯಾಕ ಬರ್ತೀನಿ" ಎಂದ ಸಂಗಯ್ಯ, ಕೆರಿಯನನ್ನು ಕರೆದು.

"ಅದು ಕೊಡೂದಲ್ಲ, ಸಾವ್ಕಾರ್ರೆ."

"ಕತ್ತೆಗೇನ್ ಗೊತ್ತಲೇ ಕಸ್ತೂರಿ ವಾಸನಿ? ಕೊಡದಿದ್ರ ಕೆಲಸಕ್ಕ ಬರಬ್ಯಾಡ."

ಕೆರಿಯನಿಗೆ ಮೈಯೆಲ್ಲ ಉರಿಯಿತು. ಭಯವೂ ಆಯಿತು, ಸುಳ್ಳೇಕೆ? ಐವತ್ತು ದಾಟಿದವನಿಗೆ ಇನ್ನಾವ ಮಿಲ್ಲು ಬಾಗಿಲು ತೆರೆದೀತು? ಮನೆಗೆ ಬಂದವನೇ ಬಾಟಲಿಯನ್ನು ಹೊಟ್ಟಿನಿಂದ ಎತ್ತಿ ನೆಟ್ಟಗೆ ನಿಲ್ಲಿಸಿದ, ಗಸಿ ತಳಕ್ಕಿಳಿಯಲೆಂದು. ಹೆಂಡತಿ ಹೊನ್ನಿ ನೋಡಿದಳು.

"ಕೊಟ್ಬಿಡಿ. ಗಂಜಿಗೆ ಕಲ್ಲು ಹಾಕ್ಕಣೂದು ಎಂತಕೆ?" ಎಂದಳು.

ಮರುದಿನ ಸಂಜೆ ಸಂಗಯ್ಯ ಬಂದಾಗ ಬಾಟಲಿ ಜಗಲಿಯ ಮೇಲಿತ್ತು, ಧೂಳೊರೆಸಿ. ದಾರಿಗೆ ಬಂದ ಮಗ ಎಂದುಕೊಂಡು ಅವನು ಕೈ ಚಾಚಿದ. ಅಷ್ಟರಲ್ಲಿ ಕೆರಿಯ ಬಾಟಲಿ ಎತ್ತಿಕೊಂಡು, ಬಿರಡೆಗೆ ಉದ್ದನೆಯ ಸ್ಕ್ರೂ ತಿರುಗಿಸಿ, ಇಕ್ಕಳದಿಂದ ಹಿಡಿದು ಎಳೆದೇಬಿಟ್ಟ. ಎರಡು ಗಾಜಿನ ಲೋಟಕ್ಕೆ ಮೆಲ್ಲಗೆ ಬಗ್ಗಿಸಿ ಒಂದನ್ನು ಸಾಹುಕಾರನ ಮುಂದಿಟ್ಟ.

ಸಂಗಯ್ಯ ಸಿಟ್ಟಿನಲ್ಲೇ ಒಂದು ಗುಟುಕು ಎತ್ತಿ ಅಂಗಳಕ್ಕೆ ಉಗಿದ. "ಥೂ, ಒಗರ್ ಐತಿ. ಇದಕ್ಕ ಹನ್ನೆರಡು ವರ್ಷ ಕಾದಿ?"

ಕೆರಿಯ ಅವಸರ ಮಾಡಲಿಲ್ಲ. ಲೋಟವನ್ನು ಬೆಳಕಿಗೆ ಹಿಡಿದು ನೋಡಿದ, ಅಂಚಿನಲ್ಲಿ ಕೆಂಪು ಮಾಗಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಮೂಸಿದ. ಒಂದು ಗುಟುಕನ್ನು ನಾಲಿಗೆಯ ಮೇಲೆ ಹೊರಳಿಸಿ ಕಣ್ಣು ಮುಚ್ಚಿದ. ಅಷ್ಟು ಸುಖವನ್ನು ಅವನು ಮದುವೆಯ ದಿನವೂ ಕಂಡಿರಲಿಲ್ಲ.

"ಮೊದ್ಲಿಗೆ ನೇರಳೆ, ಕಡೀಗೆ ಒದ್ದೆ ತರಗೆಲೆ" ಎಂದ. "ಒಗರು ಅದೆ, ಹೌದು. ಅವತ್ತು ನಾಲಿಗೆ ಹಿಡ್ದು ಎಳೀತಿತ್ತು, ಇವತ್ತು ಸವರ್ಕಂಡು ಹೋಗ್ತದೆ. ಕಾದಿದ್ದು ಇದಕ್ಕೇ."

"ನಾಳಿಯಿಂದ ನೀ ಮಿಲ್ಲಿಗೆ ಬರಬ್ಯಾಡ."

"ಬರೂದಿಲ್ಲ." ಕೆರಿಯ ಬಾಗಿಲ ಕಡೆ ತಿರುಗಿದ. "ಹೊನ್ನೀ, ಲೋಟ ತಗಂಡು ಬಾ, ಕೂತ್ಕ. ಸಾವಕಾಶ ಕುಡ್ಯುವ. ನಾಳೆ ಬೇಗ ಏಳೂ ಕೆಲ್ಸ ಇಲ್ಲ."

ಹೊನ್ನಿ ಬಂದಳು. ಸಾಹುಕಾರನ ಎದುರೇ ಗಂಡನಿಗೆ ಭುಜ ತಾಗಿಸಿ ಕೂತು, ಲೋಟ ಚಾಚಿದಳು.